ಅಮ್ಮನ ಹೂವು ಮರಳಿ ಬಂದದ್ದು

ಹೆಕೋವ್
ಆಗಸ್ಟ್ ೧೧, ೧೯೯೩

ಪ್ರೀತಿಯ ಸುಯುನ್‌ಗೆ,

ಅಕ್ಕನ ಮುದ್ದು, ಬೈಗುಳ ಎರಡೂ ಈ ಒಂದೇ ಲಕೋಟೆಯಲ್ಲಿವೆ. ಯಾವುದು ಮೊದಲು ಬೇಕೋ ತೆಗೆದುಕೋ. ಮನೆ ಬಿಟ್ಟು ಹೋದಾಗಿನಿಂದ ಹೊಸ ವರ್ಷಕ್ಕೊಂದು ಬಣ್ಣದ ಕಾರ್ಡು ಕಳಿಸಿ ಕೈತೊಳೆದುಕೊಳ್ಳುತ್ತೀಯ. ಶೆನ್‌ಝೆನ್‌ನಲ್ಲಿ ಕಾಗದಕ್ಕೆ ಬರ ಬಂದಿದೆಯೋ ಹೇಗೆ? ಇರಲಿ, ಜಗಳಕ್ಕೆ ಕೂತರೆ ಈ ಪತ್ರ ಮುಗಿಯುವುದಿಲ್ಲ. ವಿಷಯ ಅಮ್ಮನದು. ಅವಳಿಗೆ ಮೈ ಸರಿಯಿಲ್ಲ, ಅದನ್ನು ಅವಳು ಒಪ್ಪುತ್ತಿಲ್ಲ. ಅವಳನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸುವುದು ನಿನ್ನೊಬ್ಬಳಿಂದ ಮಾತ್ರ ಸಾಧ್ಯ. ಅದಕ್ಕೇ ಬರೆಯುತ್ತಿದ್ದೇನೆ.

ವಸಂತದಲ್ಲಿ ಒಂದು ಬೆಳಿಗ್ಗೆ ಅಮ್ಮ ಹಿತ್ತಲಿನಿಂದ ನಗುನಗುತ್ತಾ ಬಂದಳು. 'ಹುಯ್‌ಲಿಯಾನ್, ಹೂವು ವಾಪಸ್ ಬಂತು ಕಣೇ' ಎಂದಳು. ಮುಟ್ಟು ನಿಂತು ವರ್ಷಗಳೇ ಆಗಿದ್ದವಳಿಗೆ ಮತ್ತೆ ರಕ್ತ ಕಂಡಿತ್ತು. ನಮ್ಮ ಓಣಿಯವರ ನಂಬಿಕೆ ನಿನಗೆ ಗೊತ್ತೇ ಇದೆ. ಮುದುಕಿಗೆ ಹೂವು ಮರಳಿದರೆ ಮುಪ್ಪು ಹಿಂದಕ್ಕೆ ಸರಿಯಿತು ಅನ್ನುತ್ತಾರೆ. ಅಂದೇ ಪಾನ್ ಚಿಕ್ಕಮ್ಮ ಜೀವಂತ ಕರಿಕೋಳಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. 'ಅಯ್ಯೋ ಪುಣ್ಯಾತ್ಗಿತ್ತೀ, ನಂಗೆ ಮಂಡಿ ನೋವು ವಾಪಸ್ ಬಂತು, ನಿಂಗೆ ಹರೆಯ ವಾಪಸ್ ಬಂತು! ಯಾವ ಸಾರು ಕುಡಿದೆ, ಬಾಯಿ ಬಿಡು' ಎಂದು ಗಂಟುಬಿದ್ದಳು. ಅಮ್ಮ ನಾಚಿಕೊಂಡದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ಎಲ್ಲರ ಜೊತೆ ನಾನೂ ನಕ್ಕೆ.

ಅಲ್ಲಿಂದ ಮನೆಯಲ್ಲಿ ಮತ್ತೆ ಹಳೆಯ ಪಥ್ಯ ಶುರುವಾಯಿತು. ಮುಟ್ಟಾದಾಗ ಬಿಸಿಬಿಸಿ ಶುಂಠಿ ಬೆಲ್ಲದ ನೀರು. ಕಲ್ಲಂಗಡಿ, ಏಡಿ, ಮರಸೇಬು, ಮೊಳಕೆಕಾಳು ಎಲ್ಲ ಶೀತ, ಮುಟ್ಟುವ ಹಾಗಿಲ್ಲ. ತಣ್ಣೀರಿಗೆ ಕೈ ಇಡುವ ಹಾಗೂ ಇಲ್ಲ. ರಕ್ತ ಪೂರ್ತಿ ನಿಂತ ಮೇಲೆ, ಹೋದದ್ದನ್ನು ತುಂಬಿಸಲು ದಾಂಗ್‌ಗುಯ್ ಬೇರು, ಒಣ ಎಲಚಿಹಣ್ಣು ಹಾಕಿ ಕರಿಕೋಳಿಯ ಸಾರು. ನಿಂತ ಮೇಲೆ ಮಾತ್ರ. ಸುರಿಯುತ್ತಿರುವಾಗ ಆ ಬೇರು ಕೊಟ್ಟರೆ ರಕ್ತ ಇನ್ನಷ್ಟು ಓಡುತ್ತದೆ ಎಂದು ಓಣಿಯ ಹೆಣ್ಣುಮಕ್ಕಳಿಗೆಲ್ಲ ಸೌಟು ಝಳಪಿಸಿ ಹೇಳುತ್ತಿದ್ದವಳು ಅವಳೇ.

ದೋಣಿ ಹಬ್ಬ ಕಳೆದ ಮೇಲೆ ಒಂದು ಸಂಜೆ ನಾನು ಗಿರಣಿಯಿಂದ ಬಂದಾಗ ಅಮ್ಮ ಬಟ್ಟಲು ತುಂಬ ಆ ಸಾರು ಕುಡಿಯುತ್ತಿದ್ದಳು. 'ನಿಂತಿದೆಯೇನಮ್ಮಾ?' ಎಂದೆ. 'ಹೂಂ' ಎಂದಳು. ಅವಳು ಎದ್ದ ಮೇಲೆ ನೋಡುತ್ತೇನೆ, ಕೂತಿದ್ದ ಬಿದಿರಿನ ಸ್ಟೂಲಿನ ಮೇಲೆ ಕಲೆಯಿತ್ತು. ತಾನೇ ಹಾಕಿದ ನಿಯಮವನ್ನು ಅಮ್ಮ ಮುರಿಯುವವಳಲ್ಲ. ಅವತ್ತು ನನಗೆ ಹೆದರಿಕೆ ಹುಟ್ಟಿತು, ಸುಯುನ್. ಇವತ್ತಲ್ಲ ನಾಳೆ ನಿಲ್ಲುತ್ತದೆ, ನಿಂತ ಮೇಲೆ ಕುಡಿಯೋಣ ಎಂದು ಕಾದು ಕಾದು, ನಿಲ್ಲದೇ ಇದ್ದದ್ದಕ್ಕೆ ಕುಡಿದಿದ್ದಳು.

ಈಗ ಅವಳ ಮುಖ ಗಂಜಿಯ ತಿಳಿಯ ಹಾಗೆ ಬಿಳಿಚಿಕೊಂಡಿದೆ. ನೀರಿನ ಕೊಡ ಎತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾಳೆ. ಅವಳ ಬಟ್ಟೆಯನ್ನು ನನಗೆ ಮುಟ್ಟಗೊಡುವುದಿಲ್ಲ, ನಾನು ಏಳುವ ಮೊದಲೇ ಹೊಳೆಗೆ ಹೋಗಿ ಒಗೆದು ತರುತ್ತಾಳೆ, ಅದೂ ತಣ್ಣೀರಿನಲ್ಲಿ! ಬೆಳಿಗ್ಗೆ ಸಂಜೆ ಕೋಣೆಯಲ್ಲಿ ಒಣ ಮಾಚಿಪತ್ರೆ ಸುಟ್ಟು ಹೊಗೆ ತುಂಬಿಸುತ್ತಾಳೆ. ಕೇಳಿದರೆ 'ಸೊಳ್ಳೆ ಕಾಟ ಕಣೇ' ಅನ್ನುತ್ತಾಳೆ. ಆ ಹೊಗೆಗೆ ನನ್ನ ಕಣ್ಣಲ್ಲಿ ನೀರು ಬರುತ್ತದೆ. ಈಚೆಗೆ ಹೊಗೆ ಇಲ್ಲದಿದ್ದರೂ ಬರುತ್ತದೆ.

ಅವಳಿಗೆ ಹೇಳದೆ ನಾನೇ ಆಸ್ಪತ್ರೆಗೆ ಹೋಗಿ ಡಾಕ್ಟರ್ ಶೆನ್ ಅವರನ್ನು ಕಂಡೆ. ಎಲ್ಲ ಕೇಳಿದ ಮೇಲೆ ಆಕೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. 'ಈ ವಯಸ್ಸಲ್ಲಿ ನಿಂತಿದ್ದು ಮತ್ತೆ ಬಂದ್ರೆ ಅದು ಹೂವಲ್ಲಮ್ಮಾ. ಗರ್ಭಕೋಶದಲ್ಲಿ ಕೆಟ್ಟ ಗಡ್ಡೆ ಇರಬಹುದು. ನೋಡ್ದೆ ಹೇಳಲ್ಲ, ಆದ್ರೆ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ. ತಡ ಮಾಡ್ಬೇಡಿ' ಎಂದರು. ಮನೆಗೆ ಬಂದು ಅಮ್ಮನ ಕಾಲು ಹಿಡಿದೆ. 'ಅವರು ರಕ್ತ ತೆಗೆಯೋರು, ತುಂಬ್ಸೋಳು ನಾನು. ನನ್ನ ಸಾರಿಂದ ಬಂದ ಹೂವನ್ನ ರೋಗ ಅಂತ ಒಪ್ಕೊಂಡು ಬರ್ಲಾ? ನಿನ್ನ ತಂಗಿ ಗೆದ್ದಳು ಅಂತ ಊರೆಲ್ಲ ಡಂಗುರ ಹೊಡಿ' ಎಂದು ಪಾತ್ರೆ ಕುಕ್ಕಿದಳು.

ನೋಡಿದೆಯಾ, ಎಲ್ಲ ಸುತ್ತಿ ನಿನ್ನ ಹತ್ತಿರವೇ ಬಂದು ನಿಲ್ಲುತ್ತದೆ. ಅವತ್ತು ಬಸ್ ಸ್ಟ್ಯಾಂಡಿನಲ್ಲಿ, ನಿನ್ನನ್ನು ನೋಡಲು ಬಂದ ಹುಡುಗನ ಎದುರಿಗೇ, ಅಮ್ಮ ನಿನ್ನ ಬಾಯಿಂದ ಐಸ್‌ಕ್ಯಾಂಡಿ ಕಿತ್ತು ಚರಂಡಿಗೆ ಎಸೆದಳು. 'ಮುಟ್ಟಾಗಿದ್ದೀಯ, ಗರ್ಭಕ್ಕೆ ಶೀತ ಹಿಡಿಸ್ಕೋತೀಯಾ?' ಎಂದು ಕೂಗಿದಳು. ಬಸ್ಸಿನ ಕಂಡಕ್ಟರೂ ಇಣುಕಿ ನೋಡಿದ. ನಿನ್ನ ಜಾಗದಲ್ಲಿ ನಾನಿದ್ದರೂ ಊರು ಬಿಡುತ್ತಿದ್ದೆ. ಹೋಗುವಾಗ ನೀನು 'ನಿನ್ನ ಸಾರನ್ನ ನೀನೇ ಕುಡಿದು ಸಾಯಿ' ಎಂದೆ. ಆ ಮಾತನ್ನು ಚುಚ್ಚಲು ನೆನಪಿಸುತ್ತಿಲ್ಲ. ಅಮ್ಮ ಅದನ್ನು ನುಂಗಿಕೊಂಡು ಕೂತಿದ್ದಾಳೆ, ಅಷ್ಟೇ. ಚಿಕ್ಕವಳಿದ್ದಾಗ ಹೊಟ್ಟೆ ಹಿಡಿದು ಒದ್ದಾಡುತ್ತಿದ್ದ ನಿನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಒಲೆಗೆ ಹಿಡಿದು ಬಿಸಿ ಮಾಡಿದ ಅಂಗೈಯನ್ನು ನಿನ್ನ ಹೊಕ್ಕುಳ ಮೇಲೆ ಇಟ್ಟಿರುತ್ತಿದ್ದಳು. ನೀನು ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿದರೇನೇ ನಿನಗೆ ನಿದ್ದೆ. ನನ್ನನ್ನು ಹಾಗೆ ಮಲಗಿಸಿಕೊಂಡದ್ದಿಲ್ಲ. ನನಗೆ ಹೊಟ್ಟೆನೋವೇ ಬರುತ್ತಿರಲಿಲ್ಲವಲ್ಲ, ನನ್ನ ಪುಣ್ಯ!

ಆದ್ದರಿಂದ ನೀನೊಂದು ಸುಳ್ಳು ಬರೆಯಬೇಕು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ತಣ್ಣಗಿನದು ತಿಂದು ತಿಂದು ತಿಂಗಳು ತಿಂಗಳೂ ಹೊಟ್ಟೆನೋವಿಗೆ ಸಾಯುತ್ತಿದ್ದೇನೆ, ಅಮ್ಮ ಹೇಳಿದ್ದೇ ಸರಿ, ಅವಳೇ ಬಂದು ಸಾರು ಮಾಡಿಕೊಡಬೇಕು ಎಂದು ಬರೆ. ಮಗಳಿಗೆ ಸಾರು ಬೇಕು ಎಂದರೆ ಅವಳು ಸಾಯುತ್ತಿದ್ದರೂ ರೈಲು ಹತ್ತುತ್ತಾಳೆ. ಅಲ್ಲಿ ದೊಡ್ಡ ಆಸ್ಪತ್ರೆಯಿದೆ. ನಿನ್ನ ಹೊಟ್ಟೆನೋವು ತೋರಿಸುವ ನೆಪದಲ್ಲಿ ಕರೆದುಕೊಂಡು ಹೋಗಿ ಅವಳನ್ನೂ ತೋರಿಸು. ನಾನೇ ಏನಾದರೂ ಗೀಚಿ ಓದಿ ಹೇಳೋಣವೆಂದರೆ ಆಗುವುದಿಲ್ಲ. ಓದಲು ಬಾರದಿದ್ದರೂ ನಿನ್ನ ಅಕ್ಷರದ ಗುರುತು ಅವಳಿಗಿದೆ. ನಿನ್ನ ಕಾರ್ಡುಗಳು ಅವಳ ದಿಂಬಿನ ಕೆಳಗಿವೆ.

ನಿನಗೆ ಇದು ಸೋಲು ಅನ್ನಿಸಬಹುದು. ಸೋತುಬಿಡು ಸುಯುನ್. ಅಮ್ಮ ಹೋದ ಮೇಲೆ ಗೆದ್ದು ಯಾರಿಗೆ ತೋರಿಸುತ್ತೀಯ?

ಟಪಾಲಿನ ದಾರಿ ಕಾಯುತ್ತಿರುವ
ನಿನ್ನ ಅಕ್ಕ
ಹುಯ್‌ಲಿಯಾನ್

ಮರೆತ ಮಾತಲ್ಲ, ಈಗಷ್ಟೇ ತಿಳಿದ ಮಾತು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಮ್ಮ ಬಂದು ಯಾರಿಗೆ ಎಂದು ಕೇಳಿದಳು. ನಿನಗೆ ಎಂದೆ. ಒಳಗೆ ಹೋಗಿ ಬೆಲ್ಲದ ಪೊಟ್ಟಣ, ಒಣಶುಂಠಿ ತಂದು ನನ್ನ ಮುಂದಿಟ್ಟು, 'ಇದನ್ನೂ ಕಳ್ಸು. ಮುಟ್ಟಲ್ಲಿ ತಲೆಗೆ ನೀರು ಹಾಕ್ಕೋಬೇಡ ಅಂತ ಬರಿ' ಎಂದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. 'ಹೂವಿನ ವಿಷಯ ಬೇಕಾದ್ರೆ ಬರಿ. ವಾಸನೆ ವಿಷಯ ಬರೀಬೇಡ ಕಣೇ. ಅವಳು ಓದಿ ಓಡಿ ಬಂದ್ರೆ ಪಕ್ಕದಲ್ಲೇ ಮಲಗ್ತೀನಿ ಅಂತ ಹಟ ಮಾಡ್ತಾಳೆ, ಈ ವಾಸನೇಲಿ ಹೇಗೆ ಮಲಗಿಸ್ಕೊಳ್ಲಿ?' ಎಂದಳು. ಮಾಚಿಪತ್ರೆ ಸೊಳ್ಳೆಗಲ್ಲ, ಆ ರಕ್ತದ ವಾಸನೆ ಮುಚ್ಚಲು, ಸುಯುನ್. ಇದು ಹೂವಲ್ಲ ಎಂದು ಅವಳಿಗೆ ಎಂದೋ ಗೊತ್ತಾಗಿದೆ. ಸುಳ್ಳು ಬರೆಯುತ್ತಾ ಕೂರಬೇಡ, ನೀನೇ ಹೊರಟು ಬಾ. ಬಂದು ಅವಳ ಪಕ್ಕದಲ್ಲಿ ಮಲಗು.