ಪುಸ್ತಕದಡಿಯ ಸಿಂಬಿ

ಭಾನುವಾರ, ಸೆಪ್ಟೆಂಬರ್ ೧೫

ಕೆರಿಯಮ್ಮಜ್ಜಿ ಇಟ್ಟ ಆ ಸಿಂಬಿ ಇನ್ನೂ ತಲೆಯಿಂದ ಹೋಗಿಲ್ಲ.

ನಮ್ಮ ಚಿತ್ತಾರದ ಪುಸ್ತಕದ ಮೊದಲ ಪ್ರತಿ ತೋರಿಸಲು ಅಜ್ಜಿ ಮನೆಗೆ ಹೋಗಿದ್ದೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಅನ್ನ ಹೊರಲು ಅಜ್ಜಿಯೇ ಚಿತ್ತಾರ ಬರೆದಿದ್ದ ಬುಟ್ಟಿ ಕಳೆದ ವರ್ಷ ಗೆದ್ದಲು ಹಿಡಿದು ಹೋಯ್ತು. ಅದಕ್ಕೂ ಮುಂಚೆ ಸುತ್ತಲಿಂದ ಇನ್ನೂರು ಫೋಟೋ ತೆಗೆದಿಟ್ಟಿದ್ದೆ, ಪುಣ್ಯ. ಪುಸ್ತಕವನ್ನು ನೆಲದ ಮೇಲೆ ಬಿಡಿಸಿಟ್ಟು, ಬುಟ್ಟಿಯ ಪುಟದ ಮೇಲೆ ಮೊಬೈಲ್ ಹಿಡಿದೆ. ಆ ಫೋಟೋಗಳನ್ನೇ ಜೋಡಿಸಿ ಮಾಡಿದ ಬುಟ್ಟಿ ಪರದೆಯಲ್ಲಿ ಎದ್ದು ನಿಂತಿತು. ಪುಸ್ತಕ ತಿರುಗಿಸಿದಂತೆ ಅದೂ ತಿರುಗಿತು, ಹಿಂದಿನ ಗೆರೆಗಳೂ ಕಂಡವು.

ಅಜ್ಜಿ ಎದ್ದು ಒಳಗೆ ಹೋದರು. ನನಗೆ ಗಾಬರಿ. ಹಳೇ ಸೀರೆಯ ತುಂಡು ತಂದು, ಸುತ್ತಿ ಸಿಂಬಿ ಮಾಡಿ, ಪುಸ್ತಕದ ಅಡಿಗಿಟ್ಟರು.

"ಬರೀ ನೆಲದ ಮೇಲೆ ಇಟ್ಟಿದೀಯಲ್ಲ ಮಾರಾಯ್ತಿ, ವಾಲ್ತದೆ."

ಅದು ಚಿತ್ರ ಅಜ್ಜಿ, ಅನ್ನಬೇಕಿತ್ತು. ಅದರ ಬದಲು ಸಿಂಬಿ ಮೇಲೆ ಪುಸ್ತಕ ಸರಿಯಾಗಿ ಕೂರಿಸಿದೆ. ತ್ರೀಡಿ ತ್ರೀಡಿ ಅಂತ ಆರು ತಿಂಗಳು ಬಡಕೊಂಡಿದ್ದೆ. ಅದಕ್ಕೆ ಭಾರ ಇದೆ ಅಂತ ಗೊತ್ತಾಗಿದ್ದು ಇವತ್ತು.

ವಾಪಸ್ ಸಾಗರದ ಬಸ್ಸಲ್ಲಿ ಪುಸ್ತಕವನ್ನು ಬ್ಯಾಗಿಗೆ ತುರುಕಲು ಮನಸ್ಸಾಗಲಿಲ್ಲ. ತೊಡೆ ಮೇಲೆ ಮಟ್ಟಸವಾಗಿ ಇಟ್ಟುಕೊಂಡು, ಪ್ರತಿ ತಿರುವಿಗೂ ಎರಡೂ ಕೈಯಲ್ಲಿ ಹಿಡಿದುಕೊಂಡೆ, ಅನ್ನ ಚೆಲ್ಲೀತು ಅಂತ.