ನಿಮ್ಮ ಮಗನ ಪಥ್ಯ

ಅತ್ತೆ,

'ಪೂಜ್ಯ ಅತ್ತೆಯವರಿಗೆ' ಎಂದು ಬರೆದು ಹೊಡೆದುಹಾಕಿದೆ. ಇಪ್ಪತ್ತಾರು ವರ್ಷ ಒಂದೇ ಅಡುಗೆಮನೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಜಗಳವಾಡಿದವರಿಗೆ ಪೂಜ್ಯ ಗೀಜ್ಯ ಎಂದೆಲ್ಲ ಬರೆಯಲು ಕೈ ಬರಲಿಲ್ಲ. ನೀವು ಹೋಗಿ ಏಳು ತಿಂಗಳಾಯಿತು. ಮನೆಗೆ ಬಂದವರೆಲ್ಲ 'ಪುಣ್ಯವಂತೆ, ಮಗನ ಸಂಕಟ ಪೂರ್ತಿ ನೋಡದೆ ಹೋದರು' ಎನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ಹೇಗೆ ಹೋದರು ಎಂದು ಒಬ್ಬರೂ ಕೇಳುವುದಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಕೇಳಲಿಲ್ಲ, ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ರಿಪೋರ್ಟು ಬಂದ ದಿನ ನೆನಪಿದೆಯಾ? ಜೆ.ಪಿ. ನಗರದ ಆಸ್ಪತ್ರೆಯಿಂದ ನಾವಿಬ್ಬರೂ ಜಯನಗರದ ಮನೆಗೆ ಬಂದಾಗ ನೀವು ವರಾಂಡದಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದಿರಿ. ನಿಮ್ಮ ಮಗ ಚಪ್ಪಲಿ ಬಿಡುತ್ತಾ, 'ಅಮ್ಮಾ, ಕರುಳಲ್ಲಿ ಗೆಡ್ಡೆ ಇದೆಯಂತೆ. ಕ್ಯಾನ್ಸರ್ ಅಂತೆ' ಎಂದು ಪಕ್ಕದ ಮನೆಯ ಸುದ್ದಿ ಹೇಳುವವರ ಹಾಗೆ ಹೇಳಿದರು. ನೀವು ಅಳಲಿಲ್ಲ. 'ಕೈಕಾಲು ತೊಳ್ಕೊಂಡು ಬಾ ಮುರಳಿ, ಮೊದ್ಲು ಊಟ ಮಾಡು' ಅಂದಿರಿ. ನನಗೆ ಮೈಯೆಲ್ಲ ಉರಿದುಹೋಯಿತು. ಮನೆ ಮುಳುಗುತ್ತಿದ್ದರೂ ಈ ಹೆಂಗಸಿಗೆ ಊಟದ್ದೇ ಚಿಂತೆಯಲ್ಲ ಅಂದುಕೊಂಡೆ. ಆಮೇಲೆ ಆ ಊಟದ ಹಿಂದೆ ಬಿದ್ದವರು ಯಾರು, ಹೇಳಿ? ನಾನೇ ಅಲ್ಲವಾ?

ಆಪರೇಷನ್ ಆಗಿ ಕೀಮೋ ಶುರುವಾದ ಮೇಲೆ ಒಂದು ಶನಿವಾರ ಸ್ಕೂಲು ಬಿಟ್ಟವಳೇ ಜರಗನಹಳ್ಳಿಗೆ ಹೋಗಿದ್ದೆ. ಅಲ್ಲಿ ಒಂದು ಮನೆಯ ಮಹಡಿಯಲ್ಲಿ ಒಬ್ಬರು ಬರೀ ಆಹಾರದಿಂದಲೇ ಎಂಥ ಕಾಯಿಲೆಯನ್ನೂ ವಾಸಿ ಮಾಡುತ್ತಾರೆಂದು ಸ್ಟಾಫ್‌ರೂಮಿನಲ್ಲಿ ಯಾರೋ ಹೇಳಿದ್ದರು. ಅವರು ಕೊಟ್ಟ ಹಾಳೆಯನ್ನು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಬೆಳಿಗ್ಗೆ ಬೂದುಗುಂಬಳದ ರಸ, ಆಮೇಲೆ ಗೋಧಿಹುಲ್ಲಿನ ರಸ, ಮಧ್ಯಾಹ್ನ ನವಣೆ ಅನ್ನ, ಬೇಯಿಸಿದ ತರಕಾರಿ. ಸಕ್ಕರೆ ಇಲ್ಲ, ಹಾಲಿಲ್ಲ, ಎಣ್ಣೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಉಪ್ಪು ಒಂದು ಹರಳೂ ಕೂಡದು. ನೀವು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಿರಿ. 'ಜ್ವರ ಬಂದವರ ಗಂಜಿಗೇ ಒಂದು ಹರಳು ಉಪ್ಪು ಹಾಕ್ತೀವಿ ಕಣೇ ಶೈಲಾ. ಇದನ್ನ ತಿಂದ್ಕೊಂಡು ಅವನು ಹೆಂಗೆ ತಡ್ಕೋತಾನೆ?' ಅಂದಿರಿ. 'ಅತ್ತೆ, ನಿಮಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರಿ' ಅಂದೆ. ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುವವಳು ನಾನು. ಉಪ್ಪಿನ ರಾಸಾಯನಿಕ ಹೆಸರನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಕೀಮೋ ಕೊಡುತ್ತಿದ್ದ ಡಾಕ್ಟರಮ್ಮನಿಗೆ ಈ ಹಾಳೆಯ ವಿಷಯ ಹೇಳಲೇ ಇಲ್ಲ. ಅವರು ಬೈದು ಬಿಡಿಸಿಬಿಟ್ಟರೆ ಆಮೇಲೆ ನಾನು ಮಾಡುವುದಕ್ಕೆ ಏನು ಉಳಿಯುತ್ತಿತ್ತು?

ಮೊದಲನೇ ವಾರವೇ ಒಂದು ಭಾನುವಾರ ನಿಮ್ಮ ಮಗ ತಟ್ಟೆ ದೂಡಿದರು. 'ಇದನ್ನ ಬೀದಿ ನಾಯಿಗೆ ಹಾಕಿದ್ರೂ ಮೂಸಿ ನೋಡಿ ಹೋಗುತ್ತೆ. ನನ್ ಕೈಲಿ ಆಗಲ್ಲ.' ನಾನು ನಿಮ್ಮ ಕಡೆ ತಿರುಗಿದೆ. 'ಮನೇಲಿ ಎಲ್ಲರೂ ಇದನ್ನೇ ತಿಂದ್ರೆ ಇವರಿಗೂ ಗಂಟಲಲ್ಲಿ ಇಳಿಯುತ್ತೆ. ಇವತ್ತಿಂದ ನಮ್ಮಿಬ್ಬರಿಗೂ ಉಪ್ಪು ಬೇಡ. ಏನಂತೀರಾ ಅತ್ತೆ?' ಹೇಳಿದ್ದು ನಾನೇ. ಈ ಬಾಯಿಂದಲೇ. ನೀವು ಮಗನ ತಟ್ಟೆಯನ್ನು ಮತ್ತೆ ಅವರ ಮುಂದಕ್ಕೆ ಸರಿಸಿ, 'ಆಯ್ತು ಬಿಡು, ಹಂಗೇ ಆಗ್ಲಿ' ಅಂದಿರಿ. ಎಪ್ಪತ್ತೆಂಟು ವರ್ಷದವರು, ದಿನಾ ಬಿ.ಪಿ. ಮಾತ್ರೆ ನುಂಗುವವರು. ಬಿ.ಪಿ. ಇದ್ದವರು ಉಪ್ಪು ಬಿಟ್ಟರೆ ಒಳ್ಳೆಯದೇ ತಾನೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡೆ. ಒಂದು ಮಾತು ನಿಮಗೆ ಹೇಳಿರಲಿಲ್ಲ. ನಾಲ್ಕನೇ ದಿನಕ್ಕೇ ಸ್ಟಾಫ್‌ರೂಮಿನಲ್ಲಿ ಗೆಳತಿಯ ಡಬ್ಬಿಗೆ ಕೈ ಹಾಕಿದೆ. ಚಿತ್ರಾನ್ನ, ಜೊತೆಗೆ ಮಾವಿನಕಾಯಿ ಉಪ್ಪಿನಕಾಯಿ. ಬೆರಳು ನೆಕ್ಕಿದೆ ಅತ್ತೆ. ಅಲ್ಲಿಂದಾಚೆ ದಿನಾ ಅದೇ ಆಯಿತು. ಸಂಜೆ ಮನೆಗೆ ಬಂದು ನಿಮ್ಮೆದುರು ಸಪ್ಪೆ ಅನ್ನ ಕಲಸುವಾಗ ದೊಡ್ಡ ವ್ರತ ಹಿಡಿದವಳ ಹಾಗೆ ಮುಖ ಮಾಡಿಕೊಳ್ಳುತ್ತಿದ್ದೆ.

ಎರಡನೇ ತಿಂಗಳು ಆಸ್ಪತ್ರೆಯಲ್ಲಿ ತೂಕ ನೋಡಿದಾಗ ನಿಮ್ಮ ಮಗ ಎರಡು ಕಿಲೋ ಜಾಸ್ತಿಯಾಗಿದ್ದರು. ಕೀಮೋ ನಡೆಯುತ್ತಿರುವಾಗ ತೂಕ ಏರುವುದೆಂದರೆ! ನನ್ನನ್ನು ಹಿಡಿಯುವವರೇ ಇರಲಿಲ್ಲ. ಗಿರಿನಗರದಿಂದ ಬಂದಿದ್ದ ನಿಮ್ಮ ಮಗಳು ಸುಮಾಳನ್ನು ಫ್ರಿಜ್ಜಿನ ಮುಂದೆ ನಿಲ್ಲಿಸಿ ಭಾಷಣ ಬಿಗಿದೆ. ಸ್ಕೂಲಿನ ಇಬ್ಬರು ಟೀಚರುಗಳಿಗೆ ಕರೆದು ಕರೆದು ಜರಗನಹಳ್ಳಿಯ ವಿಳಾಸ ಕೊಟ್ಟೆ. ನೀವು ಟೆರೇಸಿನ ಮೇಲೆ ಟ್ರೇಗಳಲ್ಲಿ ಬೆಳೆಸಿದ್ದ ಗೋಧಿಹುಲ್ಲನ್ನು ಕತ್ತರಿಸಿ ತಂದು, ನನ್ನ ಭಾಷಣ ಕೇಳಿ ಒಂದು ಥರ ನಕ್ಕಿರಿ. ಅತ್ತೆಯೂ ಕೊನೆಗೆ ಒಪ್ಪಿದರಲ್ಲ ಎಂದು ಬೀಗಿದೆ. ನೀವು ಸೊರಗುತ್ತಿದ್ದುದು, ಟೆರೇಸಿನ ಮೆಟ್ಟಿಲಲ್ಲಿ ಗೋಡೆ ಹಿಡಿದುಕೊಂಡು ನಿಲ್ಲುತ್ತಿದ್ದುದು, ಒಂದೇ ಮಾತನ್ನು ಎರಡೆರಡು ಸಲ ಕೇಳುತ್ತಿದ್ದುದು... ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತ್ತು. ವಯಸ್ಸಾಯಿತಲ್ಲ ಎಂದುಕೊಂಡೆ.

ಆ ಗುರುವಾರ ಬೆಳಿಗ್ಗೆ ನೀವು ನನ್ನ ಮುಖ ನೋಡಿ 'ಯಾರಮ್ಮ ನೀನು, ಯಾರ ಮನೆ ಹುಡುಗಿ?' ಅಂದಿರಿ. ತಮಾಷೆ ಮಾಡುತ್ತಿದ್ದೀರಿ ಎಂದುಕೊಂಡು 'ನಿಮ್ಮ ಮನೆ ಹಾಳು ಮಾಡೋಕೆ ಬಂದವಳು' ಎಂದು ನಾನೂ ನಕ್ಕೆ. ಹತ್ತು ನಿಮಿಷಕ್ಕೆ ಬಚ್ಚಲುಮನೆಯಲ್ಲಿ ಧೊಪ್ಪೆಂದು ಸದ್ದಾಯಿತು. ಎಮರ್ಜೆನ್ಸಿಯ ಡಾಕ್ಟರು ರಕ್ತದ ರಿಪೋರ್ಟು ಹಿಡಿದುಕೊಂಡು ಬಂದು, 'ಸೋಡಿಯಂ ತುಂಬಾ ಇಳಿದುಬಿಟ್ಟಿದೆ ಮೇಡಂ. ಇವರು ತಗೊಳ್ಳೋ ಬಿ.ಪಿ. ಮಾತ್ರೇನೂ ಮೈಯಿಂದ ಉಪ್ಪು ಹೊರಗೆ ಹಾಕೋದೇ. ಊಟಕ್ಕೆ ಉಪ್ಪು ಹಾಕ್ಕೊಳಲ್ವಾ?' ಎಂದರು. 'ಸ್ವಲ್ಪ ಕಮ್ಮಿ' ಎಂದೆ. ಆಗಲೂ ಬಾಯಿಬಿಟ್ಟು ನಿಜ ಹೇಳಲಿಲ್ಲ ನೋಡಿ. ನಿಧಾನವಾಗಿ ಏರಿಸಬೇಕೆಂದು ಡ್ರಿಪ್ ಹಾಕಿದರು. ಅಷ್ಟರಲ್ಲಿ ಫಿಟ್ಸ್ ಬಂತು, ಆಮೇಲೆ ಎದೆಯಲ್ಲಿ ಕಫ ಕಟ್ಟಿತು. ಸುಮಾ ನಿಮ್ಮ ಕಾಲ ಹತ್ತಿರ, ನಾನು ತಲೆಯ ಹತ್ತಿರ. ಆರನೇ ದಿನ ನೀವು...

ವೈಕುಂಠ ಸಮಾರಾಧನೆಯ ದಿನ ಬಡಿಸುವವರು ಎಲ್ಲರ ಎಲೆಯ ತುದಿಗೂ ಉಪ್ಪು ಹಾಕಿಕೊಂಡು ಹೋದರು. ಪಕ್ಕದ ಎಲೆಗೆ ಕೂತಿದ್ದ ಹಿರಿಯರೊಬ್ಬರು, 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಸುಮ್ನೆ ಹೇಳಿದಾರಾ?' ಎಂದು ನಿಟ್ಟುಸಿರುಬಿಟ್ಟರು. ಅವರಿಗೇನು ಗೊತ್ತು, ಪಾಪ. ನಾನು ಎಲೆ ಬಿಟ್ಟೆದ್ದು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ಎಲ್ಲರೂ ಹೋದ ಮೇಲೆ ಫ್ರಿಜ್ಜಿನ ಮೇಲಿನ ಹಾಳೆಯನ್ನು ಉಗುರಿನಿಂದ ಕೆರೆದು ಕೆರೆದು ತೆಗೆದೆ.

ಅದಾಗಿ ಹದಿನೈದು ದಿನಕ್ಕೆ, ಬೆಳಿಗ್ಗೆ ಪೇಪರು ಓದುತ್ತಿದ್ದ ನಿಮ್ಮ ಮಗನ ಎದುರು ಕೂತು ಹೇಳಿಬಿಟ್ಟೆ. 'ಅತ್ತೇನ ಕೊಂದಿದ್ದು ನಾನೇ ರೀ.' ಅವರು ಪೇಪರು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. 'ನೀನಲ್ಲ ಕಣೇ. ನಾನು' ಎಂದರು. 'ನೀನು ಸ್ಕೂಲಿಗೆ ಹೋದ್ಮೇಲೆ ಅಮ್ಮ ನಂಗೆ ದಿನಾ ಬೇರೆ ಅಡುಗೆ ಮಾಡ್ತಿದ್ಲು. ತಿಳಿಸಾರು, ಅನ್ನ, ಒಂದೊಂದಿನ ಹಪ್ಪಳ. ಸರಿಯಾಗಿ ಉಪ್ಪು ಹಾಕಿ. ನಿನ್ನ ಹುಲ್ಲಿನ ರಸ ಎಲ್ಲ ದಾಸವಾಳದ ಗಿಡಕ್ಕೆ ಹೋಗ್ತಿತ್ತು.' ನನಗೆ ಆ ಎರಡು ಕಿಲೋ ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು. 'ಮತ್ತೆ ಅತ್ತೇನೂ ಅದನ್ನೇ ತಿಂತಿದ್ರಾ?' ಎಂದೆ. 'ಇಲ್ಲ. ಒಂದು ಹರಳೂ ಮುಟ್ಟಲಿಲ್ಲ. ನಾನೇ ತಿಂತಿದೀನಿ, ನಿಂಗ್ಯಾಕಮ್ಮ ಸಪ್ಪೆ ಅಂತ ಕೇಳ್ದೆ. ಅದಕ್ಕೆ ಅಮ್ಮ, ನೀನು ಹಾಲು ಕುಡಿಯೋ ಎಳೇ ಕೂಸಾಗಿದ್ದಾಗ ನಿಂಗೆ ಹೊಟ್ಟೆ ಕೆಟ್ರೆ ಪಥ್ಯ ಮಾಡ್ತಿದ್ದೋಳು ನಾನೇ ತಾನೆ? ಈಗ್ಲೂ ಅಷ್ಟೇ. ಊಟ ನಿಂದು, ಪಥ್ಯ ನಂದು ಅಂದ್ಲು. ಶೈಲಾಗೆ ಮಾತ್ರ ಹೇಳ್ಬೇಡ, ಏನೋ ಒಂದು ಮಾಡ್ತಿದೀನಿ ಅನ್ನೋ ಧೈರ್ಯ ಅವಳಿಗೂ ಬೇಕಲ್ಲ ಪಾಪ ಅಂತ...' ಅಷ್ಟು ಹೇಳಿ ಪೇಪರಿನಿಂದ ಮುಖ ಮುಚ್ಚಿಕೊಂಡರು.

ಐವತ್ತೆರಡು ವರ್ಷದ ಮಗನಿಗೆ ಬಾಣಂತಿ ಪಥ್ಯ ಮಾಡಿದಿರಾ ಅತ್ತೆ? ನಿಮ್ಮ ಹತ್ತಿರ ಯಾವ ಹಾಲು ಕುಡಿಯುತ್ತಿದ್ದರು ಅವರು? ನಾನು ಹೆತ್ತವಳಲ್ಲ, ನನಗೆ ಹೇಗೆ ಹೊಳೆಯಬೇಕು ಇದೆಲ್ಲ? ಇಪ್ಪತ್ತಾರು ವರ್ಷದಲ್ಲಿ ನೀವು ಆ ಮಾತು ಒಂದು ಸಲವೂ ಎತ್ತಲಿಲ್ಲ, ಎತ್ತಿದವರ ಬಾಯನ್ನು ಅಲ್ಲೇ ಮುಚ್ಚಿಸಿದಿರಿ. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆದರೆ ಇದೊಂದನ್ನು ನನಗೆ ಹೇಳಬಹುದಿತ್ತು. ಹೇಳಿದ್ದರೆ ಕೂಗಾಡುತ್ತಿದ್ದೆ, ಪಾತ್ರೆ ಕುಕ್ಕುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ, ಮೂರನೇ ದಿನ ನಾನೇ ಸಾರಿಗೆ ಉಪ್ಪು ಹಾಕಿ ನಿಮ್ಮ ತಟ್ಟೆಗೆ ಸುರಿಯುತ್ತಿದ್ದೆ. ಮೂರು ಜನ ಇದ್ದ ಮನೆಯಲ್ಲಿ ಕಾಯಿಲೆಯವರು ಪಥ್ಯ ಮಾಡಲಿಲ್ಲ, ಹಾಳೆ ತಂದವಳೂ ಮಾಡಲಿಲ್ಲ. ಮಾಡಿದ್ದು ನೀವೊಬ್ಬರೇ. ನಿಮ್ಮ ಮೇಲೆ ಎಷ್ಟು ಸಿಟ್ಟು ಬರುತ್ತದೆ ಗೊತ್ತಾ? ಆಮೇಲೆ ಆ ಇಬ್ಬರು ಟೀಚರುಗಳಿಗೂ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. ಒಬ್ಬರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಹೋದ ತಿಂಗಳ ಸ್ಕ್ಯಾನಿನ ಸುದ್ದಿ ನಿಮಗೆ ಗೊತ್ತಿಲ್ಲ. ಲಿವರಿಗೆ ಹರಡಿದೆ, ಶ್ವಾಸಕೋಶದಲ್ಲೂ ಅಲ್ಲಲ್ಲಿ ಚುಕ್ಕೆಗಳಿವೆ. ಕೀಮೋ ನಿಲ್ಲಿಸೋಣ ಎಂದರು ಡಾಕ್ಟರಮ್ಮ. ಈ ಸಲ ನಾನು ಹಾಳೆಯ ಕಥೆ, ನಿಮ್ಮ ಕಥೆ, ಒಂದೂ ಬಿಡದೆ ಹೇಳಿದೆ. 'ಅದರಿಂದಲೇ ಹೀಗಾಯ್ತಾ ಡಾಕ್ಟ್ರೇ? ನಿಜ ಹೇಳಿ' ಎಂದೆ. 'ಇದು ಹರಡಿದ್ದು ನೀವು ಮಾಡಿದ ಅಡುಗೆಯಿಂದ ಅಲ್ಲಮ್ಮ. ಆದ್ರೆ ಅವತ್ತೇ ನನಗೆ ಒಂದು ಮಾತು ಹೇಳಿದ್ದಿದ್ರೆ, ನಿಮ್ಮ ಅತ್ತೆ...' ಎಂದು ಅವರೂ ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಫೈಲು ಮುಚ್ಚಿ, 'ಇನ್ಮೇಲೆ ಪಥ್ಯ ಅಂತ ಏನೂ ಬೇಡ. ಅವರು ಏನು ಕೇಳ್ತಾರೋ ಅದನ್ನ ಕೊಡಿ' ಎಂದರು. ಆ ಮಾತಿನ ಅರ್ಥ ಇಬ್ಬರಿಗೂ ಗೊತ್ತಾಯಿತು.

ಏನು ಕೇಳಿದರೂ ಕೊಡಿ ಎಂದರು, ಸರಿ. ನಿಮ್ಮ ಮಗ ಏನೂ ಕೇಳುವುದಿಲ್ಲವಲ್ಲ ಅತ್ತೆ, ಏನು ಮಾಡಲಿ? ನಾನು ಸ್ಕೂಲಿಗೆ ರಜ ಹಾಕಿದ್ದೇನೆ. ಸುಮಾ ದಿನ ಬಿಟ್ಟು ದಿನ ಗಿರಿನಗರದಿಂದ ಕ್ಯಾರಿಯರ್ ಹಿಡಿದುಕೊಂಡು ಬರುತ್ತಾಳೆ. ಬಿಸಿಬೇಳೆ ಭಾತು, ಮಜ್ಜಿಗೆಹುಳಿ, ಅವರಿಗೆ ಪ್ರಾಣವಾಗಿದ್ದ ಹಾಗಲಕಾಯಿ ಗೊಜ್ಜು. ಮುಚ್ಚಳ ತೆಗೆದರೆ ಮುಖ ತಿರುಗಿಸುತ್ತಾರೆ. 'ಬಾಯಿಗೆ ಮಣ್ಣು ಹಾಕ್ದಂಗೆ ಆಗುತ್ತೆ ಸುಮಾ, ಬಲವಂತ ಮಾಡ್ಬೇಡ' ಎನ್ನುತ್ತಾರೆ. ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು ಬರುತ್ತಾಳೆ. ನಾನು ಗದರುತ್ತೇನೆ, ಗೋಗರೆಯುತ್ತೇನೆ, ನಿಮ್ಮ ಆಣೆ ಹಾಕುತ್ತೇನೆ. ಯಾವುದಕ್ಕೂ ಬಗ್ಗುವುದಿಲ್ಲ. ಅವರ ಮಣಿಕಟ್ಟನ್ನು ಈಗ ನನ್ನ ಎರಡು ಬೆರಳು ಸುತ್ತಿ ಬರುತ್ತವೆ.

ಮೊನ್ನೆ ಮಧ್ಯಾಹ್ನ ಅವರ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ನನ್ನ ತಟ್ಟೆ ಹಿಡಿದುಕೊಂಡಿದ್ದೆ. ಹಸಿವಿರಲಿಲ್ಲ, ಸುಮ್ಮನೆ ಸಾರನ್ನ ಕಲಸುತ್ತಿದ್ದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದು, 'ಶೈಲಾ, ಅದರಲ್ಲಿ ಉಪ್ಪಿದೆಯಾ?' ಎಂದರು. ನನಗೆ ತಕ್ಷಣ ಅರ್ಥವಾಗಲಿಲ್ಲ. 'ನಿಜ ಹೇಳು. ನೀನೂ ಅಮ್ಮನ ಥರ ಶುರು ಮಾಡಿದ್ಯಾ?' ತಮ್ಮ ಕಾಯಿಲೆಗೆ ಅವರು ಅಷ್ಟು ಹೆದರಿದ್ದನ್ನು ನಾನು ನೋಡಿಲ್ಲ ಅತ್ತೆ. 'ಇದೆ ರೀ' ಎಂದರೆ ನಂಬಲಿಲ್ಲ. 'ಕೊಡಿಲ್ಲಿ' ಎಂದು ನನ್ನ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟುಕೊಂಡರು. ನಾಲಿಗೆ ಸತ್ತುಹೋಗಿದೆಯಲ್ಲ, ಗೊತ್ತಾಗಲಿಲ್ಲ. ಇನ್ನೊಂದು ತುತ್ತು ತೆಗೆದುಕೊಂಡು, ನುಂಗಿ, ಕಣ್ಣು ಮುಚ್ಚಿ, 'ಇದೆ ಅನ್ಸುತ್ತೆ' ಎಂದು ಮಲಗಿದರು. ಎರಡು ದಿನದಲ್ಲಿ ಅವರ ಹೊಟ್ಟೆಗೆ ಹೋದ ಅನ್ನ ಅಷ್ಟೇ.

ನಿನ್ನೆ ಊಟದ ಹೊತ್ತಿಗೆ ಅವರು ಕೇಳುವ ಮುಂಚೆ ನಾನೇ ಹೇಳಿದೆ. 'ಹೌದು, ನಾನೂ ಉಪ್ಪು ಬಿಟ್ಟಿದ್ದೀನಿ. ಏನೀಗ?' ಹಸಿ ಸುಳ್ಳು. ಸಾರಿಗೆ ಹದವಾಗಿ ಉಪ್ಪು ಬಿದ್ದಿತ್ತು, ಅನ್ನಕ್ಕೆ ಎರಡು ಚಮಚ ತುಪ್ಪವನ್ನೂ ಹಾಕಿದ್ದೆ. ದಿಂಬಿಗೆ ಒರಗಿ ಎದ್ದು ಕೂತು ಬೈದರು ನೋಡಿ, ಎಷ್ಟೋ ತಿಂಗಳಿಂದ ಅಂಥ ಬೈಗುಳ ತಿಂದಿರಲಿಲ್ಲ ನಾನು. ತಟ್ಟೆ ಕಿತ್ತುಕೊಂಡು ಒಂದು ತುತ್ತು ತಿಂದರು, ಗೊತ್ತಾಗಲಿಲ್ಲ. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ, 'ಎಲಾ ಸುಳ್ಳಿ, ಉಪ್ಪಿದೆ ಕಣೇ ಇದರಲ್ಲಿ!' ಎಂದರು. ಇವತ್ತೂ ಅದೇ ಸುಳ್ಳು ಹೇಳಿದೆ. ಅವರಿಗೆ ಗೊತ್ತಾಗಿದೆ ಎಂದು ಕಾಣುತ್ತದೆ, ಬೈಯುವಾಗ ಒಂದು ಚೂರು ನಗು ಇತ್ತು. ಆದರೂ ತಟ್ಟೆಗೆ ಕೈ ಚಾಚಿದರು, ಪರೀಕ್ಷೆ ಮಾಡುವವರ ಹಾಗೆ ಒಂದೊಂದನ್ನೇ ಅಗಿದು ನುಂಗಿದರು. ನಾಲ್ಕು ತುತ್ತು, ಅತ್ತೆ. ನಾಳೆ ಐದು ತಿನ್ನಿಸುತ್ತೇನೆ.

ನಿಮ್ಮ
ಶೈಲಾ