ನಿಮ್ಮ ಹುಲ್ಲು, ನನ್ನ ಹುಲ್ಲು, ಗುರುವಾರ

ಉದ್ಯಾನಗಳ ಮೇಲಧಿಕಾರಿಗಳೇ,

ಎರಡು ಚಾಪೆಯಗಲ ಹುಲ್ಲು ನೆಟ್ಟಿದ್ದಕ್ಕೆ ನನ್ನನ್ನು ‘ಅತಿಕ್ರಮಣಕಾರ’ ಎಂದು ಕರೆದಿದ್ದೀರಿ. ಬರುವ ಗುರುವಾರ ಅದನ್ನು ಬೇರುಸಹಿತ ಕೀಳಿಸುವುದಾಗಿ ಉದ್ಯಾನದ ಗೇಟಿಗೆ ನೋಟಿಸು ಅಂಟಿಸಿದ್ದೀರಿ. ಕೆರೆ ನುಂಗಿ ನೀರು ಕುಡಿದವರೆಲ್ಲ ಆರಾಮಾಗಿದ್ದಾರೆ; ಹುಲ್ಲು ನೆಟ್ಟವನು ಸಿಕ್ಕಿಬಿದ್ದ!

ನಾನು ಏಳನೇ ತರಗತಿಗೆ ಶಾಲೆ ಬಿಟ್ಟು ಸೋಫಾ ಹೊಲಿಯಲು ಕೂತವನು. ಕಾನೂನು ಗೊತ್ತಿಲ್ಲ, ತೇಪೆ ಗೊತ್ತು. ಮಂಡಿಯ ಆಪರೇಷನ್ ಆದ ನನ್ನ ಹೆಂಡತಿಗೆ ಮೆತ್ತಗಿನ ನೆಲದ ಮೇಲೆ ನಡೆದು ರೂಢಿ ಮಾಡಿಕೊಳ್ಳಲು ಡಾಕ್ಟರು ಹೇಳಿದ್ದಾರೆ. ಕೈಗೆ ಆಸರೆಯ ಕಂಬಿ, ಕಾಲಿಗೆ ಹುಲ್ಲು, ಎರಡೂ ಒಟ್ಟಿಗೆ ಸಿಗುವುದು ನಿಮ್ಮ ಉದ್ಯಾನದ ಆ ಮೂಲೆಯಲ್ಲಿ ಮಾತ್ರ. ಒಂದು ದಿನ ಅಲ್ಲಿ ಅವಳ ಕೋಲು ಜಾರಿ, ಹುಲ್ಲು ಜಮಖಾನೆಯಂತೆ ಸುರುಳಿ ಎದ್ದಿತು. ಅವಳು ನೆಲಕ್ಕೆ ಕೂತಳು. “ರೀ, ಇದು ಹುಲ್ಲಲ್ಲ, ಬೋಳುತಲೆಯ ಟೋಪನ್ನು! ನೋಡಿ, ಕೈಗೇ ಬಂತು” ಎಂದು ನಗುತ್ತಾಳೆ, ನಾನು ಓಡಿಹೋಗಿ ಎತ್ತಿ ನಿಲ್ಲಿಸಿದೆ. ಅಡಿಯಲ್ಲಿ ದಪ್ಪ ಬಿಳಿ ಹುಳುಗಳು ಬೇರನ್ನೆಲ್ಲ ತಿಂದು ಸುತ್ತಿಕೊಂಡು ಮಲಗಿದ್ದವು.

ನಿಮ್ಮ ಕಚೇರಿಗೆ ಓಡಿದೆ. “ಹುಳಾನಾ? ಅದು ಆರೋಗ್ಯದವರು ನೋಡ್ಕೋಬೇಕು, ನಮಗೆ ಬರಲ್ಲ” ಎಂದರು ಗುಮಾಸ್ತರು. ಕಾಡಿ ಬೇಡಿದ ಮೇಲೆ ಬಂದ ನಿಮ್ಮ ಜನ ಹುಳುಗಳ ಮೇಲೆಯೇ ಹೊಸ ಹುಲ್ಲು ಹಾಸಿ ಹೋದರು. ಹಸಿದವರಿಗೆ ಎಲೆ ಹಾಕಿ ಬಡಿಸಿದಂತಾಯಿತು. ಅದೂ ಬೋಳಾಯಿತು. ಒಳಗಿನ ಸ್ಪಂಜು ಕೊಳೆತ ಸೋಫಾಕ್ಕೆ ಮೇಲೆ ಮಾತ್ರ ಮಖಮಲ್ಲು ಹೊಲಿದರೆ ಗಿರಾಕಿ ಸುಮ್ಮನಿರುತ್ತಾನೆಯೇ ಸ್ವಾಮಿ?

ಕೊನೆಗೆ ನಾನೇ ಸತ್ತ ಹುಲ್ಲು ಕೆರೆದು ಮಣ್ಣು ಅಗೆದೆ. ಗೊರವಂಕಗಳು ಯಾವ ಅರ್ಜಿಯನ್ನೂ ಕೇಳದೆ ಬಂದು ಹುಳು ತಿಂದವು. ಉಳಿದವನ್ನು ನಾನೇ ಆಯ್ದು ತೆಗೆದೆ. ನಮ್ಮ ಅಂಗಳದ ಹುಲ್ಲನ್ನು ಬೇರುಮಣ್ಣಿನ ಸಮೇತ ಕತ್ತರಿಸಿ ತಂದು, ನಡುವೆ ಜಾಗ ಬಿಟ್ಟು ನೆಟ್ಟೆ. ಹುಳು ಜೊತೆಗೆ ಬಂದಿದ್ದರೆ ಎಂಬ ಭಯಕ್ಕೆ ಪ್ರತಿ ತುಂಡನ್ನೂ ತಿರುಗಿಸಿ ತಿರುಗಿಸಿ ನೋಡಿದೆ. “ಅದಕ್ಕೂ ಒಂದು ಎಕ್ಸ್‌ರೇ ತೆಗೆಸಿಬಿಡಿ” ಎಂದಳು ಇವಳು. ನೀರು ಹಾಕಿದೆ, ಬಿಸಿಲು ಬಿತ್ತು, ಹುಲ್ಲಿನ ಬಳ್ಳಿ ಹಬ್ಬಿತು. ಅವಳು ಮತ್ತೆ ನಡೆಯತೊಡಗಿದಳು.

ಆಗ ಬಂದರು ನಿಮ್ಮ ಮೇಸ್ತ್ರಿ. “ಯಜಮಾನ್ರೇ, ಇದ್ರಲ್ಲಿ ನಿಮ್ದು ಯಾವ್ದು ತೋರ್ಸಿ, ಅಷ್ಟೇ ಕೀಳ್ತೀವಿ.” ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ, ಗೊತ್ತಾಗಲಿಲ್ಲ. ನನ್ನ ಹುಲ್ಲು ನಿಮ್ಮದರೊಳಗೆ ಕಾಲು ಚಾಚಿದೆ, ಸರಿ. ನಿಮ್ಮದೂ ನನ್ನದರೊಳಗೆ ಚಾಚಿದೆಯಲ್ಲ, ಅದಕ್ಕೆ ಯಾರು ನೋಟಿಸು ಕೊಡಬೇಕು? ಹಬ್ಬುವುದೇ ಅದರ ಕಸುಬು. ಈಗ ಕಿತ್ತರೆ ಮುಂದೆ ಚಳಿ. ಚಳಿಯಲ್ಲಿ ಈ ಜಾತಿಯ ಹುಲ್ಲು ಮಲಗಿದರೆ ಏಳುವುದು ಬೇಸಿಗೆಗೇ. ಅಲ್ಲಿಯತನಕ ಇವಳೆಲ್ಲಿ ನಡೆಯಬೇಕು, ನಿಮ್ಮ ಕಚೇರಿಯ ಮೊಸಾಯಿಕ್ ನೆಲದ ಮೇಲೆಯೇ?

ಆದ್ದರಿಂದ ಗುರುವಾರದ ಆದೇಶವನ್ನು ರದ್ದು ಮಾಡಿ. ಇದು ಬೆದರಿಕೆಯಲ್ಲ, ನನಗೆ ಅಷ್ಟು ಧೈರ್ಯವೂ ಇಲ್ಲ. ಆದರೆ ಇವಳು, “ಅವತ್ತು ನಾನೇ ಹೋಗಿ ಅಲ್ಲಿ ನಿಂತ್ಕೋತೀನಿ, ನನ್ನನ್ನೂ ಕಿತ್ತುಹಾಕ್ಲಿ” ಎನ್ನುತ್ತಿದ್ದಾಳೆ. ಹೇಳಿದ್ದನ್ನು ಮಾಡುವ ಹೆಂಗಸು. ಮಂಡಿಗೆ ಈಗಷ್ಟೇ ಬಲ ಬಂದಿದೆ. ನಿಮ್ಮವರ ಕ್ಷೇಮಕ್ಕಾಗಿಯೇ ಹೇಳುತ್ತಿದ್ದೇನೆ.

ಇಂತಿ,
ಗುರುವಾರ ಅವಳ ಹಿಂದೆ ಕುರ್ಚಿ ಹಿಡಿದು ನಿಲ್ಲಬೇಕಾದ
ಸೋಫಾ ಹೊಲಿಯುವವನು